ಬಂಡಸಾಲೆಯ ಬೀಗ: ಕೊಚ್ಚಿ, ತಿರುವನಂತಪುರದ ಕೋಟೆಗಳನ್ನು ನೋಡುವ ಬಗೆ



ನಾನು ಬೇಕಲದ ಹತ್ತಿರ ಬೆಳೆದವನು. ನಮ್ಮ ಮನೆಗೆ ಘಟ್ಟದ ಮೇಲಿಂದ ನೆಂಟರು ಬಂದರೆ ಎರಡನೆಯ ದಿನ ಕೋಟೆಗೆ ಕರೆದುಕೊಂಡು ಹೋಗುವುದು ರೂಢಿ. ನೆಂಟರು ಬುರುಜಿನ ಮೇಲೆ ನಿಂತು ಕಡಲನ್ನು ಕಣ್ತುಂಬ ನೋಡುತ್ತಿದ್ದರು. ಆಮೇಲೆ ಹಿಂದಿರುಗಿ ಕೇಳುತ್ತಿದ್ದರು: ‘ಅರಮನೆ ಎಲ್ಲಿ? ರಾಜ ಎಲ್ಲಿರುತ್ತಿದ್ದ?’ ನನ್ನ ಅಜ್ಜ ಅಡಿಕೆ, ಒಳ್ಳೆಮೆಣಸಿನ ವ್ಯಾಪಾರ ಮಾಡುತ್ತಿದ್ದವರು. ‘ರಾಜ ಇರ್ಲಿಕ್ಕೆ ಕಟ್ಟಿದ್ದಲ್ಲ ಇದು. ಮಾಲು ಇಡ್ಲಿಕ್ಕೆ ಕಟ್ಟಿದ್ದು’ ಎನ್ನುತ್ತಿದ್ದರು. ನೆಂಟರ ಮುಖ ಸಣ್ಣದಾಗುತ್ತಿತ್ತು. ನನಗೂ ಆಗ ಅಜ್ಜನ ಮಾತು ಸೇರಿರಲಿಲ್ಲ. ಇಷ್ಟು ದೊಡ್ಡ ಕಲ್ಲಿನ ಗೋಡೆ ಬರೀ ಮೂಟೆಗಳಿಗಾಗಿ ಎಂದರೆ ಹುಡುಗರಿಗೆ ಹೇಗೆ ಸೇರೀತು?

ಎಷ್ಟೋ ವರ್ಷ ಕಳೆದು, ಕೊಚ್ಚಿಯ ಮಟ್ಟಾಂಚೇರಿಯ ಬಜಾರ್ ರಸ್ತೆಯಲ್ಲಿ ನಡೆಯುತ್ತಿದ್ದಾಗ ಆ ಮಾತು ತಿರುಗಿ ಬಂತು. ಹಿನ್ನೀರಿಗೆ ಬೆನ್ನು ಮಾಡಿದ ಹಳೆಯ ಗೋದಾಮುಗಳ ಸಾಲು. ಶುಂಠಿ, ಮೆಣಸಿನ ವಾಸನೆ ಬೀದಿಯವರೆಗೂ ಚಾಚಿತ್ತು. ಈ ಕಟ್ಟಡಗಳಿಗೆ ಏನೆನ್ನುತ್ತೀರಿ ಎಂದು ಅಲ್ಲಿನ ಹಮಾಲಿಯೊಬ್ಬರನ್ನು ಕೇಳಿದೆ. ‘ಪಾಂಡಿಕಶಾಲ’ ಎಂದರು. ನಮ್ಮ ಕರಾವಳಿಯ ‘ಬಂಡಸಾಲೆ’ಯೇ ಅದು, ಒಂದೇ ಮಾತು, ಎರಡು ನಾಲಿಗೆಯಲ್ಲಿ ಎರಡು ರೂಪ. ಅಜ್ಜ ಹೇಳಿದ್ದು ಬೇಕಲಕ್ಕೆ ಮಾತ್ರವಲ್ಲ, ಈ ಇಡೀ ಕಡಲಂಚಿಗೆ ಸಲ್ಲುವ ಮಾತು ಎಂದು ಅಲ್ಲಿ ಹೊಳೆಯಿತು. ಇಲ್ಲಿ ಕೋಟೆಯೆಂದರೆ ಬಂಡಸಾಲೆಗೆ ಹಾಕಿದ ಬೀಗ. ಇಂದು ನಾನು ಹೇಳಬೇಕೆಂದಿರುವುದೂ ಇಷ್ಟೆ: ಕೋಟೆ ನೋಡಲು ಹೋದಾಗ ಯಾರು ಕಟ್ಟಿದರು ಎಂದು ಕೇಳುವ ಮೊದಲು, ಏನನ್ನು ಕಾಯಲು ಕಟ್ಟಿದರು ಎಂದು ಕೇಳೋಣ.

ನಾವು ಕನ್ನಡಿಗರು ಕೋಟೆ ಎಂದಾಗ ಚಿತ್ರದುರ್ಗವನ್ನು ನೆನೆಯುತ್ತೇವೆ, ಮಧುಗಿರಿಯ ಬಂಡೆಯನ್ನು ನೆನೆಯುತ್ತೇವೆ. ಅವು ಮುತ್ತಿಗೆಯನ್ನು ತಾಳಲು ಕಟ್ಟಿದವು. ಒಳಗೆ ಹೊಂಡ, ಕಣಜ, ದೇವಸ್ಥಾನ, ಜನವಸತಿ. ಶತ್ರು ಹೊರಗೆ ಬೀಡುಬಿಟ್ಟು ತಿಂಗಳುಗಟ್ಟಲೆ ಕಾದರೂ ಒಳಗಿನವರು ಉಸಿರು ಹಿಡಿದಿರಬೇಕು. ಆ ಕಣ್ಣಿನಿಂದಲೇ ಕೇರಳದ ಕಡಲ ಕೋಟೆಗಳನ್ನು ನೋಡಿದರೆ ನಿರಾಸೆಯಾಗುತ್ತದೆ. ಅವು ಚಿಕ್ಕವು, ತಗ್ಗಿನವು, ಬಹುಪಾಲು ಹಾಳುಬಿದ್ದವು. ಫೋರ್ಟ್ ಕೊಚ್ಚಿಗೆ ಹೋದವರಂತೂ ‘ಫೋರ್ಟ್ ಎಲ್ಲಿದೆ?’ ಎಂದು ಆಟೋದವರನ್ನು ಕೇಳಿ, ಅವರು ಚೀನಾಬಲೆಗಳ ಕಡೆ ಕೈತೋರಿಸಿದಾಗ ಪೆಚ್ಚಾಗುತ್ತಾರೆ. ಊರಿನ ಹೆಸರಿನಲ್ಲಿ ಕೋಟೆಯಿದೆ, ಊರಿನಲ್ಲಿ ಇಲ್ಲ.

ಆ ಇಲ್ಲದ ಕೋಟೆಯ ಕಥೆ ಶುರುವಾಗುವುದು ಮೆಡಿಟರೇನಿಯನ್ ಸಮುದ್ರದಲ್ಲಿ. ಮಲಬಾರಿನ ಮೆಣಸು ಅರಬ್ಬಿ ಹಡಗುಗಳಲ್ಲಿ ಕೆಂಪು ಸಮುದ್ರ ದಾಟಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾ ಸೇರಿ, ಅಲ್ಲಿಂದ ವೆನಿಸ್ ನಗರಕ್ಕೆ ಹೋಗುತ್ತಿತ್ತು. ವೆನಿಸ್ ಆ ದಾರಿಯನ್ನು ಕಾಯಲು ಕಡಲಂಚಿನುದ್ದಕ್ಕೂ ಕೋಟೆಗಳ ಸರಪಣಿ ಹೆಣೆದಿತ್ತು: ಕೋರ್ಫು, ಮೆಥೋನಿ, ಕೊರೋನಿ, ಕ್ರೀಟ್, ಸೈಪ್ರಸ್ಸಿನ ಫಾಮಗುಸ್ತಾ. ಇವತ್ತು ಪ್ರವಾಸಿಗರು ಸಾಲುಗಟ್ಟಿ ನೋಡುವ ಆ ಸುಂದರ ಕೋಟೆಗಳ ಕಲ್ಲಿಗೆ ಸುರಿದ ಹಣದಲ್ಲಿ ನಮ್ಮ ಘಟ್ಟದ ಬಳ್ಳಿಯ ಪಾಲೂ ಇದೆ. ಈ ದಾರಿಯನ್ನು ಬಳಸಿ ಹೋಗಲೆಂದೇ ಪೋರ್ಚುಗೀಸರು ಆಫ್ರಿಕಾವನ್ನು ಸುತ್ತಿ 1498ರಲ್ಲಿ ಕಲ್ಲಿಕೋಟೆಗೆ ಬಂದದ್ದು. ಬಂದವರು ಮೆಡಿಟರೇನಿಯನ್ನಿನ ಆ ಕೋಟೆ ಸರಪಣಿಯ ಪಾಠವನ್ನೂ ಜೊತೆಗೆ ತಂದರು. ಪೇಟೆ ಹಿಡಿಯಬೇಕಾದರೆ ನಾಡನ್ನೆಲ್ಲ ಗೆಲ್ಲಬೇಕಿಲ್ಲ, ಅಳಿವೆಬಾಯಲ್ಲಿ ಕುಳಿತರೆ ಸಾಕು.

ಕೊಚ್ಚಿಯಲ್ಲಿ ಅವರಿಗೆ ಅವಕಾಶ ಸಿಕ್ಕಿದ್ದು 1503ರಲ್ಲಿ. ಪರದೇಶಿಗಳಿಗೆ ಆಶ್ರಯ ಕೊಟ್ಟನೆಂದು ಕಲ್ಲಿಕೋಟೆಯ ಸಾಮೂದಿರಿ ಕೊಚ್ಚಿಯ ರಾಜನ ಮೇಲೆ ದಂಡೆತ್ತಿ ಬಂದ. ರಾಜ ವೈಪಿನ್ ದ್ವೀಪಕ್ಕೆ ಹೋಗಿ ತಲೆಮರೆಸಿಕೊಳ್ಳಬೇಕಾಯಿತು. ಪೋರ್ಚುಗೀಸ್ ಹಡಗುಗಳು ಬಂದು ಅವನನ್ನು ಮತ್ತೆ ಗದ್ದುಗೆಗೆ ಏರಿಸಿದವು. ಅದಕ್ಕೆ ಪ್ರತಿಯಾಗಿ ಅವರು ಕೇಳಿದ್ದು ಅಳಿವೆಬಾಯಲ್ಲಿ ಒಂದು ಕೋಟೆ. ಮೊದಲು ಕಟ್ಟಿದ್ದು ಮರದ್ದು, ತೆಂಗಿನ ಕಾಂಡ ನೆಟ್ಟು ಬಿಗಿದದ್ದು. ಭಾರತದ ನೆಲದಲ್ಲಿ ಯುರೋಪಿನವರು ಕಟ್ಟಿದ ಮೊದಲ ಕೋಟೆಯೇ ಅದು. ಮುಂದಿನ ವರ್ಷಗಳಲ್ಲಿ ಅದು ಕಲ್ಲಿನದಾಯಿತು, ಇಮ್ಯಾನ್ಯುಯೆಲ್ ಕೋಟೆ ಎನಿಸಿಕೊಂಡಿತು. ಕೋಟೆಯೊಳಗಿನ ಇಗರ್ಜಿಯಲ್ಲೇ, 1524ರ ಕ್ರಿಸ್ಮಸ್ಸಿನ ಹಿಂದಿನ ದಿನ ಕೊಚ್ಚಿಯಲ್ಲಿ ಸತ್ತ ವಾಸ್ಕೋ ಡ ಗಾಮನನ್ನು ಹೂಳಿದರು. ಅವನ ಅಸ್ಥಿಗಳನ್ನು ಮುಂದೆ ಪೋರ್ಚುಗಲ್ಲಿಗೆ ಒಯ್ದರು. ಗೋರಿಯ ಗುರುತು ಇಂದಿಗೂ ಸೇಂಟ್ ಫ್ರಾನ್ಸಿಸ್ ಇಗರ್ಜಿಯ ನೆಲದಲ್ಲಿದೆ.

1663ರಲ್ಲಿ ಡಚ್ಚರು ಕೊಚ್ಚಿಯನ್ನು ಗೆದ್ದುಕೊಂಡರು. ಅವರು ಲೆಕ್ಕದ ಮನುಷ್ಯರು. ಪೋರ್ಚುಗೀಸರ ದೊಡ್ಡ ಊರನ್ನು ಕಾಯುವುದು ದುಬಾರಿ ಎಂದು ಅದನ್ನು ಕುಗ್ಗಿಸಿ, ಕಾಯಲು ಬೇಕಾದಷ್ಟಕ್ಕೆ ಮಾತ್ರ ಗೋಡೆ ಎಳೆದರು. ಮೂಲೆಗಳಲ್ಲಿ ಬಾಣದ ಮೊನೆಯಂಥ ಕೊತ್ತಲಗಳು. ದುಂಡು ಬುರುಜಿಗೆ ಫಿರಂಗಿಯ ಗುಂಡು ಬಡಿಯುವ ಕಾಲ ಬಂದಾಗ ಇಟಲಿಯವರು ಕಂಡುಕೊಂಡ ಉಪಾಯ ಅದು. ಮೊನೆಯಾದ ಕೊತ್ತಲದ ಬುಡಕ್ಕೆ ಬಂದ ಶತ್ರುವನ್ನು ಪಕ್ಕದ ಕೊತ್ತಲದಿಂದ ಹೊಡೆಯಬಹುದು, ಯಾವ ಮೂಲೆಯೂ ಕುರುಡಾಗಿ ಉಳಿಯುವುದಿಲ್ಲ. ಮಾಲ್ಟಾದ ವಲೆಟ್ಟಾ ನಗರವನ್ನು ಸುತ್ತಿರುವ ಗೋಡೆಗಳ ತರ್ಕವೇ ಕೊಚ್ಚಿಯ ಮರಳಿನಲ್ಲೂ ನಿಂತಿತ್ತು.

ಆ ಗೋಡೆ ಏನಾಯಿತು? 1795ರ ಅಕ್ಟೋಬರಿನಲ್ಲಿ ಇಂಗ್ಲಿಷರು ಕೊಚ್ಚಿಯನ್ನು ವಶಪಡಿಸಿಕೊಂಡರು. ಮುಂದೆ ನೆಪೋಲಿಯನ್ನನ ಕಾಲ ಬಂತು. ಯುರೋಪಿನಲ್ಲಿ ಒಪ್ಪಂದವಾದರೆ ಊರನ್ನು ಡಚ್ಚರಿಗೆ ತಿರುಗಿ ಕೊಡಬೇಕಾಗಬಹುದೆಂಬ ಅಂಜಿಕೆ ಅವರಿಗಿತ್ತು. ಕೊಡುವುದೇ ಆದರೆ ಬೋಳಾಗಿ ಕೊಡೋಣ ಎಂದು 1806ರಲ್ಲಿ ಮದ್ದು ತುಂಬಿ ಕೋಟೆಯನ್ನು ಹಾರಿಸಿಬಿಟ್ಟರು. ಎಂಟು ವರ್ಷಗಳ ಬಳಿಕ, 1814ರ ಒಪ್ಪಂದದಲ್ಲಿ ಕೊಚ್ಚಿ ಇಂಗ್ಲಿಷರಿಗೇ ಉಳಿಯಿತು. ಡಚ್ಚರಿಗೆ ಬದಲಾಗಿ ಸಿಕ್ಕಿದ್ದು ಸುಮಾತ್ರಾದ ಪಕ್ಕದ ಬಂಕಾ ಎಂಬ ತವರದ ಗಣಿಗಳ ದ್ವೀಪ. ಮೆಣಸಿನ ಊರು ಕೊಟ್ಟು ತವರದ ದ್ವೀಪ ಪಡೆದರು. ಇಲ್ಲಿ ಬದುಕಿದ್ದ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಫೋರ್ಟ್ ಕೊಚ್ಚಿಯ ಕಡಲದಂಡೆಯಲ್ಲಿ ಅಲೆ ತಾಗುವ ಕಡೆ ಉಳಿದಿರುವ ನಾಲ್ಕು ಕಲ್ಲುಗಳ ಮುಂದೆ ನಿಂತಾಗ ನನಗೆ ಮೊದಲು ನೆನಪಾಗುವುದು ಈ ವಿನಿಮಯ.

ಅಲ್ಲಿ ನೋಡುವುದಕ್ಕೆ ಏನೂ ಇಲ್ಲವೆನ್ನಬೇಡಿ. ಪೆರೇಡ್ ಮೈದಾನದ ಎದುರಿಗೆ ಡಚ್ ಕಂಪನಿಯ ಮುದ್ರೆ ಕೆತ್ತಿದ ಮರದ ದೊಡ್ಡ ಬಾಗಿಲಿದೆ, 1740ರದ್ದು. ಬಾಸ್ಟಿಯನ್ ಬಂಗಲೆ ಎಂಬ ಮನೆ ಹಳೆಯ ಕೊತ್ತಲವೊಂದರ ಜಾಗದಲ್ಲೇ ಕುಳಿತಿದೆ; ಈಗ ಅದು ವಸ್ತುಸಂಗ್ರಹಾಲಯ. ಅಲ್ಲಿಂದ ಮಟ್ಟಾಂಚೇರಿಯವರೆಗೆ ನಡೆದುಕೊಂಡೇ ಹೋಗಿ. ಬೀಗ ಒಡೆದು ಇನ್ನೂರು ವರ್ಷ ದಾಟಿತು, ಬಂಡಸಾಲೆಗಳು ನಿಂತೇ ಇವೆ. ಕೆಲವು ಇನ್ನೂ ಮೆಣಸು ತುಂಬಿಕೊಳ್ಳುತ್ತವೆ. ಕೆಲವು ಕಡೆ, ಹಳೆಯ ವ್ಯಾಪಾರದ ಮನೆಯಾದ ಆಸ್ಪಿನ್‌ವಾಲ್ ಕಟ್ಟಡದಲ್ಲಿ ಆದಂತೆ, 2012ರಿಂದ ಕೊಚ್ಚಿ ಮುಜಿರಿಸ್ ಬಿಯೆನ್ನಾಲೆಯ ಕಲಾಕೃತಿಗಳು ಬಂದು ಕೂತಿವೆ.

ಇಲ್ಲಿ ಕನ್ನಡ ನಾಡಿನ ಪಾಲನ್ನು ಹೇಳದೆ ಮುಂದೆ ಹೋಗಲಾರೆ. ಮಲಬಾರಿನಲ್ಲಿ ಮೆಣಸು ಬೆಳೆಯಿತು, ಅಕ್ಕಿ ಸಾಲುತ್ತಿರಲಿಲ್ಲ. ಕೋಟೆಯೊಳಗಿನ ಸಿಪಾಯಿ ಮೆಣಸು ತಿಂದು ಬದುಕುವುದಿಲ್ಲ. ಅಕ್ಕಿ ಹೋಗುತ್ತಿದ್ದುದು ಬಸ್ರೂರು, ಬಾರಕೂರು, ಮಂಗಳೂರಿನ ಬಂದರುಗಳಿಂದ. ಆ ಅಕ್ಕಿಗಾಗಿಯೇ ಪೋರ್ಚುಗೀಸರು ನಮ್ಮ ಅಳಿವೆಗಳಲ್ಲೂ ಕೋಟೆ ಕಟ್ಟಿದರು. ಕೆಳದಿಯ ಶಿವಪ್ಪ ನಾಯಕ 1652ರಿಂದ 1654ರ ಒಳಗೆ ಹೊನ್ನಾವರ, ಬಸ್ರೂರು, ಗಂಗೊಳ್ಳಿ, ಮಂಗಳೂರುಗಳಿಂದ ಅವರನ್ನು ಎಬ್ಬಿಸಿದ. ಅವನೇ ದಕ್ಷಿಣದ ಅಂಚಿನಲ್ಲಿ ಚಂದ್ರಗಿರಿ ನದಿಯ ದಡದ ಕೋಟೆಯನ್ನೂ ಬೇಕಲವನ್ನೂ ಕಟ್ಟಿದವನು. ಬೇಕಲದ ಗೋಡೆಯ ಗುಂಡಿನ ಕಂಡಿಗಳನ್ನು ಬಗ್ಗಿ ನೋಡಿದ್ದೀರಾ? ಮೇಲಿನದು ದೂರದ ಹಡಗಿಗೆ, ನಡುವಿನದು ಹತ್ತಿರ ಬಂದವನಿಗೆ, ಕೆಳಗಿನದು ಗೋಡೆಯ ಬುಡಕ್ಕೆ ಬಂದವನಿಗೆ. ಮೂರು ದೂರಗಳನ್ನು ಒಂದೇ ಗೋಡೆಯಲ್ಲಿ ಅಳೆದು ಕೊರೆದವರು ನಮ್ಮ ಕೆಲಸಗಾರರು. ಅಲ್ಲಿ ಸಿನಿಮಾದ ಹಾಡು ತೆಗೆದ ಜಾಗ ತೋರಿಸುವವರು ನೂರು ಮಂದಿ ಸಿಗುತ್ತಾರೆ. ಈ ಕಂಡಿಗಳನ್ನು ತೋರಿಸುವವರು ಹೆಚ್ಚಿಲ್ಲ, ಅದು ನನಗೆ ನೋವಿನ ಸಂಗತಿ.

ಕಲ್ಲಿನ ಬಗ್ಗೆಯೂ ಒಂದು ಮಾತು. ಬೇಕಲದಿಂದ ತೆಂಕಣ ತುದಿಯ ಕಡೆಯ ಅಂಚುತೆಂಗಿನವರೆಗೆ ಈ ಕೋಟೆಗಳು ಬಹುಪಾಲು ಒಂದೇ ಕಲ್ಲಿನವು. ನಾವು ಮುರಕಲ್ಲು ಎನ್ನುತ್ತೇವೆ, ಮಲಯಾಳಿಗಳು ವೆಟ್ಟುಕಲ್ಲು ಎನ್ನುತ್ತಾರೆ. ನೆಲದೊಳಗೆ ಮೆತ್ತಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಗುಣ ಅದರದು. ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದ ‘ಲ್ಯಾಟರೈಟ್’ ಎಂದು ಕರೆದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಿಂದ ಆ ಹೆಸರು ಲೋಕಕ್ಕೆಲ್ಲ ಹೋಯಿತು. ಧಣಿ ಕೆಳದಿಯವನಾಗಲಿ, ಲಿಸ್ಬನ್ನಿನವನಾಗಲಿ, ಲಂಡನ್ನಿನವನಾಗಲಿ, ಕಲ್ಲು ಕಡಿದ ಕೈ ಇದೇ ಕರಾವಳಿಯದು.

ಕೊಚ್ಚಿಗೆ ಹೋದವರು ವೈಪಿನ್ ದ್ವೀಪದ ಉತ್ತರ ತುದಿಯ ಪಳ್ಳಿಪ್ಪುರಕ್ಕೆ ಹೋಗದೆ ಬರಬಾರದು. ಪೋರ್ಚುಗೀಸರು 16ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಆರು ಮೂಲೆಯ ಪುಟ್ಟ ಕೋಟೆ ಅಲ್ಲಿದೆ. ಒಳಗೊಂದು ಬಾವಿ. ಐದು ನಿಮಿಷದಲ್ಲಿ ಸುತ್ತಿ ಮುಗಿಸಬಹುದು. ಆದರೆ ಈ ಪುಟ್ಟ ಕೋಟೆಯ ಹೆಸರು ಮೈಸೂರಿನ ಹಣೆಬರಹದಲ್ಲಿ ಬರೆದಿದೆ. 1789ರಲ್ಲಿ ಡಚ್ಚರು ಇದನ್ನೂ ಕೊಡುಂಗಲ್ಲೂರಿನ ಕೋಟೆಯನ್ನೂ ತಿರುವಾಂಕೂರಿನ ಧರ್ಮರಾಜನಿಗೆ ಮೂರು ಲಕ್ಷ ರೂಪಾಯಿಗೆ ಮಾರಿದರು. ಕೊಚ್ಚಿ ತನಗೆ ಕಪ್ಪ ಕೊಡುವ ರಾಜ್ಯ, ಅದರ ನೆಲದ ಕೋಟೆಗಳನ್ನು ಮಾರಲು ಡಚ್ಚರು ಯಾರು ಎಂದು ಟಿಪ್ಪು ಸುಲ್ತಾನ ಕೇಳಿದ. ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಮೈಸೂರಿನ ಸೈನ್ಯ ನೆಡುಂಕೋಟೆಯ ಮೇಲೆ ಬಿತ್ತು.

ನೆಡುಂಕೋಟೆ ಎಂದರೆ ಉದ್ದ ಕೋಟೆ. ಕೊಡುಂಗಲ್ಲೂರಿನ ಹಿನ್ನೀರಿನಿಂದ ಆನೆಮಲೆಯ ಬುಡದವರೆಗೆ ಸುಮಾರು 30 ಮೈಲಿ ಎಳೆದಿದ್ದ ಮಣ್ಣಿನ ಏರಿ, ಕಂದಕ, ಬಿದಿರಿನ ಬೇಲಿ. ಅದರ ಮೇಲುಸ್ತುವಾರಿ ನೋಡಿದವನು ತಿರುವಾಂಕೂರಿನ ದಳಪತಿ ಡಿ ಲನಾಯ್. ಮೊದಲ ಏಟಿನಲ್ಲಿ ಮೈಸೂರಿನವರು ಸೋತು ಹಿಂದೆ ಸರಿದರು. 1790ರ ಏಪ್ರಿಲ್‌ನಲ್ಲಿ ಮತ್ತೆ ಬಂದು ಒಡೆದು ಒಳನುಗ್ಗಿದರು. ಆದರೆ ಅಷ್ಟರಲ್ಲಿ ತಿರುವಾಂಕೂರಿನ ಮಿತ್ರರಾಗಿದ್ದ ಇಂಗ್ಲಿಷರಿಗೆ ಯುದ್ಧಕ್ಕೆ ಕಾರಣ ಸಿಕ್ಕಿಬಿಟ್ಟಿತ್ತು. ಮೂರನೆಯ ಮೈಸೂರು ಯುದ್ಧ ಮುಗಿದದ್ದು 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ, ಟಿಪ್ಪು ಅರ್ಧ ರಾಜ್ಯ ಕಳೆದುಕೊಳ್ಳುವುದರಲ್ಲಿ. ಶ್ರೀರಂಗಪಟ್ಟಣದ ಕೋಟೆ ನೋಡಲು ಹೋಗುವ ಕನ್ನಡಿಗರು ಪಳ್ಳಿಪ್ಪುರದ ಆರು ಮೂಲೆಗಳನ್ನೂ ಒಮ್ಮೆ ನೋಡಬೇಕೆನ್ನುವುದು ಇದಕ್ಕೇ. ನೆಡುಂಕೋಟೆಯ ಏರಿ ಈಗ ಬಹುತೇಕ ಮನೆ, ತೋಟ, ರಸ್ತೆಗಳ ಕೆಳಗೆ ಕರಗಿದೆ. ಚಾಲಕ್ಕುಡಿಯ ಸುತ್ತ ಕೋಟ್ಟಮುರಿಯಂಥ ಊರ ಹೆಸರುಗಳಲ್ಲಿ ಮಾತ್ರ ಅದು ಉಳಿದುಕೊಂಡಿದೆ.

ದಕ್ಷಿಣಕ್ಕೆ ಹೊರಟರೆ ಕೊಲ್ಲಂನ ತಂಗಶ್ಶೇರಿಯಲ್ಲಿ 1519ರ ಪೋರ್ಚುಗೀಸ್ ಕೋಟೆಯ ಒಂದು ತುಂಡು ಗೋಡೆಯಿದೆ. ಪಕ್ಕದ ದೀಪಸ್ತಂಭ ಹತ್ತಿದವರಿಗೆ ಆ ಗೋಡೆ ನಿಂತ ಆಯಕಟ್ಟಿನ ಜಾಗ ಸ್ಪಷ್ಟವಾಗಿ ಕಾಣುತ್ತದೆ. ನನ್ನ ಮನಸ್ಸು ನಿಲ್ಲುವುದು ಇನ್ನೂ ಮುಂದೆ, ತಿರುವನಂತಪುರ ಜಿಲ್ಲೆಯ ಅಂಚುತೆಂಗಿನಲ್ಲಿ.

ಅಂಚುತೆಂಗು ಎಂದರೆ ಐದು ತೆಂಗು. ವರ್ಕಲಾಕ್ಕೆ ಸಮೀಪದ ಬೆಸ್ತರ ಊರು. ಆಟ್ಟಿಂಗಲ್ಲಿನ ರಾಣಿಯ ಅಪ್ಪಣೆ ಪಡೆದು ಇಂಗ್ಲಿಷ್ ಕಂಪನಿ 1695ರ ಹೊತ್ತಿಗೆ ಇಲ್ಲಿ ಚೌಕಾಕಾರದ ಕೋಟೆ ಕಟ್ಟಿತು. ಇಂಗ್ಲೆಂಡಿನಿಂದ ಬರುವ ಹಡಗುಗಳು ಮೊದಲು ಸುದ್ದಿ ಮುಟ್ಟಿಸುತ್ತಿದ್ದುದು ಇಲ್ಲಿಗೆ. ಕೊಳ್ಳುತ್ತಿದ್ದುದು ಮೆಣಸು. ಕೋಟೆಯ ಮುಖ್ಯಸ್ಥ ಗಿಫರ್ಡ್ ಮೆಣಸಿನ ಬೆಲೆಯಲ್ಲಿ ಮೋಸ ಮಾಡುತ್ತಾನೆಂದು, ಖಾಸಗಿಯಾಗಿ ಕೈತುಂಬಿಕೊಳ್ಳುತ್ತಾನೆಂದು ಸುತ್ತಲಿನ ಜನ ಕುದಿಯುತ್ತಿದ್ದರು. 1721ರ ಏಪ್ರಿಲ್‌ನಲ್ಲಿ ರಾಣಿಗೆ ಒಪ್ಪಿಸುವ ವರ್ಷದ ಕಾಣಿಕೆಯೊಂದಿಗೆ ಅವನು ಸುಮಾರು 140 ಮಂದಿಯನ್ನು ಕಟ್ಟಿಕೊಂಡು ಆಟ್ಟಿಂಗಲ್ಲಿಗೆ ಹೋದ. ಆ ತಂಡ ಕೋಟೆಗೆ ತಿರುಗಿ ಬರಲಿಲ್ಲ. ಆಮೇಲೆ ಜನ ಕೋಟೆಯನ್ನೇ ಸುತ್ತುವರಿದರು, ತಲಶ್ಶೇರಿಯಿಂದ ನೆರವು ಬರುವವರೆಗೆ ಸುಮಾರು ಆರು ತಿಂಗಳು ಬಿಡಲಿಲ್ಲ. ಪ್ಲಾಸಿ ಕದನಕ್ಕೆ ಇನ್ನೂ 36 ವರ್ಷವಿತ್ತು. ನಮ್ಮ ಪಠ್ಯಪುಸ್ತಕಗಳು ಇಂಗ್ಲಿಷರ ವಿರುದ್ಧದ ಬಂಡಾಯಗಳನ್ನು ಎಣಿಸುವಾಗ ಈ ಮೆಣಸಿನ ಬಳ್ಳಿಯ ಜನರಿಂದ ಎಣಿಕೆ ಆರಂಭಿಸಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಈ ಕೋಟೆಯ ಊರಿನಲ್ಲೇ 1728ರಲ್ಲಿ ರಾಬರ್ಟ್ ಓರ್ಮ್ ಹುಟ್ಟಿದ. ಇಂಗ್ಲಿಷ್ ಕಂಪನಿ ಹಿಂದುಸ್ಥಾನದಲ್ಲಿ ನಡೆಸಿದ ಯುದ್ಧಗಳ ಚರಿತ್ರೆ ಬರೆದವನು ಅವನೇ. ಗೆದ್ದವರ ಕಡೆಯ ಇತಿಹಾಸಕಾರನಿಗೆ ಅಂಚುತೆಂಗು ಹುಟ್ಟೂರು. ಆರು ತಿಂಗಳು ಗೋಡೆಯ ಹೊರಗೆ ಕಾದವರ ಕಡೆಯಿಂದ ಅಂಥ ಪುಸ್ತಕ ಬರಲಿಲ್ಲ. ಇಂದು ಒಳಗೆ ಹುಲ್ಲಿನ ಅಂಗಳ, ಸುತ್ತ ಮುರಕಲ್ಲಿನ ಗೋಡೆ, ಹೊರಗೆ ಬಲೆ ಒಣಗಿಸುವವರು, ಪಕ್ಕದಲ್ಲಿ ದೀಪಸ್ತಂಭ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ ಕೋಟೆ ಗಟ್ಟಿಯಾಗಿ ನಿಂತಿದೆ.

ತಿರುವನಂತಪುರ ನಗರಕ್ಕೆ ಬಂದರೆ ಮೊದಲ ನೋಟಕ್ಕೆ ನನ್ನ ಮಾತು ಸುಳ್ಳಾಗುತ್ತದೆ. ಇಲ್ಲಿ ಕೋಟೆ ಸುತ್ತಿರುವುದು ಬಂಡಸಾಲೆಯನ್ನಲ್ಲ, ದೇವರನ್ನು. ತಿರುವಾಂಕೂರಿನ ರಾಜ ಮಾರ್ತಾಂಡವರ್ಮ ಕಟ್ಟಿಸಿದ ಕೋಟೆಯ ಒಳಗೆ ಅನಂತಶಯನ ಪದ್ಮನಾಭ, ತೆಪ್ಪಕೊಳ, ಅಗ್ರಹಾರದ ಬೀದಿಗಳು. ಕಿಳಕ್ಕೇಕೋಟ, ಅಂದರೆ ಮೂಡಣ ಕೋಟೆ, ಇವತ್ತು ಊರಿನ ಅತಿ ಗದ್ದಲದ ಬಸ್ ನಿಲ್ದಾಣದ ಹೆಸರು. ಪಡುವಣ ಬಾಗಿಲಿದೆ, ಗೋಡೆಯನ್ನೇ ಕಡಿದು ದಾರಿ ಮಾಡಿದ ವೆಟ್ಟಿಮುರಿಚ್ಚಕೋಟ ಇದೆ. ಬಸ್ಸು, ಆಟೋ, ಶಾಲೆಯ ಮಕ್ಕಳು ಈ ಬಾಗಿಲುಗಳ ನಡುವೆ ಹಾದು ಹೋಗುತ್ತಲೇ ಇರುತ್ತಾರೆ. ಬಳಕೆಯಲ್ಲಿರುವ ಕೋಟೆ ಇದು, ನನಗೆ ಬಹಳ ಇಷ್ಟ.

ಇಂಥ ಗೋಡೆಗಳನ್ನು ಎಬ್ಬಿಸಲು ಮಾರ್ತಾಂಡವರ್ಮನಿಗೆ ಹಣ ಎಲ್ಲಿಂದ ಬಂತು? 1741ರಲ್ಲಿ ಕೊಳಚ್ಚಲ್ ಕಡಲತೀರದಲ್ಲಿ ಅವನು ಡಚ್ಚರನ್ನು ಸೋಲಿಸಿದ. ಸೆರೆಸಿಕ್ಕ ಡಿ ಲನಾಯ್ ಅವನ ಸೈನ್ಯಕ್ಕೆ ಯುರೋಪಿನ ಕವಾಯತು ಕಲಿಸಿ, ಜನರ ಬಾಯಲ್ಲಿ ‘ವಲಿಯ ಕಪ್ಪಿತ್ತಾನ್’, ದೊಡ್ಡ ಕಪ್ತಾನ, ಆದ. ಎರಡೇ ವರ್ಷಕ್ಕೆ, 1743ರಲ್ಲಿ, ಮೆಣಸಿನ ವ್ಯಾಪಾರವನ್ನು ರಾಜನ ಏಕಸ್ವಾಮ್ಯವೆಂದು ಸಾರಲಾಯಿತು. ಹೊಸ ಸೈನ್ಯದ ಸಂಬಳಕ್ಕೂ ಕೋಟೆಗಳ ಕಲ್ಲಿಗೂ ಆಧಾರವಾದದ್ದು ಅದೇ ಬಳ್ಳಿ. 1750ರ ಜನವರಿಯಲ್ಲಿ ಅವನು ಖಡ್ಗವನ್ನು ದೇವರ ಮೆಟ್ಟಿಲಲ್ಲಿಟ್ಟು ಇಡೀ ರಾಜ್ಯವನ್ನು ಪದ್ಮನಾಭನಿಗೆ ಅರ್ಪಿಸಿ, ದೇವರ ದಾಸನಾಗಿ ಆಳಿದ. 2011ರಲ್ಲಿ ದೇವಸ್ಥಾನದ ನೆಲಮಾಳಿಗೆಗಳನ್ನು ತೆರೆದಾಗ ಕಂಡ ಸಂಪತ್ತಿನ ಸುದ್ದಿ ನಿಮಗೆಲ್ಲ ಗೊತ್ತಿದೆ. ಮೂಡಣ ಬಾಗಿಲಿನ ಹೊರಗೇ ಚಾಲ ಬಜಾರು. ಟಿಪ್ಪುವಿನ ಯುದ್ಧಕಾಲದಲ್ಲಿ ದಿವಾನನಾಗಿದ್ದ ರಾಜಾ ಕೇಶವದಾಸ ನಿಲ್ಲಿಸಿದ ಪೇಟೆ ಅದು. ದೇವರ ಕೋಟೆಯ ಹೊಸ್ತಿಲಲ್ಲೂ ಮೂಟೆಗಳೇ.

ಆ ಕೋಟೆಯ ಒಳಗೆ ನಮ್ಮವರೂ ಇದ್ದಾರೆ. ಪದ್ಮನಾಭನ ಪೂಜೆಯ ನಂಬಿಗಳು ಬರುವುದು ತುಳುನಾಡಿನ ಬ್ರಾಹ್ಮಣ ಮನೆತನಗಳಿಂದ. ಅವರಲ್ಲಿ ಅಕ್ಕರೆದೇಶಿ, ಇಕ್ಕರೆದೇಶಿ ಎಂದು ಎರಡು ಕವಲು. ಆಚೆದಡ, ಈಚೆದಡ ಎಂದು ಅರ್ಥ. ದಡ ಯಾವ ಹೊಳೆಯದೆಂದರೆ ಕಾಸರಗೋಡಿನ ಚಂದ್ರಗಿರಿಯದು. ಶಿವಪ್ಪ ನಾಯಕನ ಕೋಟೆ ನಿಂತಿರುವ ಅದೇ ಹೊಳೆ. ಕುಂಬಳೆಯ ಸಮೀಪದ ಅನಂತಪುರ ಸರೋವರ ಕ್ಷೇತ್ರವೇ ಪದ್ಮನಾಭನ ಮೂಲಸ್ಥಾನವೆಂಬ ನಂಬಿಕೆ ನಮ್ಮಲ್ಲಿ ಇಂದಿಗೂ ಇದೆ. ಕಾಸರಗೋಡಿನಿಂದ ತಿರುವನಂತಪುರಕ್ಕೆ ಸರ್ಕಾರಿ ಕಡತ ಹಿಡಿದು ಹೋಗುವ ಕನ್ನಡಿಗನಿಗೆ ಆ ಊರು ಪರಕೀಯವೆನಿಸಬೇಕಿಲ್ಲ.

1956ರ ನವೆಂಬರ್ 1ರಂದು ಗಡಿಗಳು ಬದಲಾದವು. ಕೆಳದಿಯವರ ಬೇಕಲ, ಚಂದ್ರಗಿರಿ, ಹೊಸದುರ್ಗದ ಕೋಟೆಗಳು ಕೇರಳಕ್ಕೆ ಸೇರಿದವು. ಅದೇ ದಿನ ಡಿ ಲನಾಯ್‌ನ ಗೋರಿ ಇರುವ ಉದಯಗಿರಿ ಕೋಟೆ, ಕೊಳಚ್ಚಲ್, ಪದ್ಮನಾಭಪುರ ಮದ್ರಾಸ್ ರಾಜ್ಯಕ್ಕೆ ಹೋದವು. ನಮ್ಮ ಕೋಟೆಗಳು ಅವರಲ್ಲಿ, ಅವರ ಕೋಟೆಗಳು ಇನ್ನೊಬ್ಬರಲ್ಲಿ. ಪದ್ಮನಾಭಪುರದ ಅರಮನೆಯನ್ನು ತಮಿಳುನಾಡಿನ ನೆಲದಲ್ಲೇ ಇಂದಿಗೂ ನೋಡಿಕೊಳ್ಳುತ್ತಿರುವುದು ಕೇರಳ ಸರ್ಕಾರ. ಗಡಿಯಾಚೆ ಉಳಿದ ತಮ್ಮ ಚರಿತ್ರೆಯನ್ನು ಅವರು ಬಿಟ್ಟುಕೊಡಲಿಲ್ಲ. ನಾವು ಬೇಕಲವನ್ನು ಸೂರ್ಯಾಸ್ತದ ಫೋಟೋಕ್ಕೆ ಬಿಟ್ಟುಕೊಟ್ಟಿದ್ದೇವೆ.

ಆದ್ದರಿಂದ ಕಾಸರಗೋಡಿನ ಕನ್ನಡ ಶಾಲೆಗಳ ಅಧ್ಯಾಪಕರಲ್ಲಿ ನನ್ನದೊಂದು ಬೇಡಿಕೆ. ಈ ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಆರಿಕ್ಕಾಡಿ, ಚಂದ್ರಗಿರಿ, ಬೇಕಲ, ಹೊಸದುರ್ಗ ಈ ನಾಲ್ಕು ಕೋಟೆಗಳನ್ನೂ ಒಂದೇ ದಿನದಲ್ಲಿ ತೋರಿಸಿ. ಕೈಯಲ್ಲಿ ಒಂದು ಅಳತೆ ಟೇಪು, ಒಂದು ನೋಟುಪುಸ್ತಕ ಇರಲಿ. ಗೋಡೆ ಎಷ್ಟು ದಪ್ಪ, ಕಂಡಿ ಯಾವ ಕಡೆಗೆ, ಹೊಳೆ ಎಷ್ಟು ದೂರ, ದೋಣಿ ಎಲ್ಲಿ ನಿಲ್ಲುತ್ತಿದ್ದಿರಬಹುದು, ಮಾಲು ಎಲ್ಲಿ ಇಡುತ್ತಿದ್ದಿರಬಹುದು ಎಂದು ಅವರೇ ಬರೆಯಲಿ. ಊರಿನ ಹಿರಿಯರನ್ನು ಕೇಳಿ ಬಂಡಸಾಲೆ ಇದ್ದ ಜಾಗಗಳನ್ನು ಗುರುತು ಮಾಡಲಿ. ಹಾಗೆ ಬರೆದ ಪುಸ್ತಕಗಳನ್ನು ನನಗೆ ಕಳುಹಿಸಿಕೊಡಿ, ಎಷ್ಟೇ ಇದ್ದರೂ ಎಲ್ಲವನ್ನೂ ಓದುತ್ತೇನೆ.